ಇಂಕ್‌ಸ್ಕೇಪ್‌ನಲ್ಲಿ ಬಿಡಿಸಿದ ಆನೆಸಾಲು ಯಾರದ್ದು?

ಪ್ರಶ್ನೆ: ಆನೆಸಾಲು, ಹಾಸನ

ಮನೆಯಲ್ಲೇ ಕೂತು ಮದುವೆ ಕಾರ್ಡು, ಲೇಬಲ್ಲು ಡಿಸೈನ್ ಮಾಡುತ್ತೇನೆ. ಆರು ವರ್ಷದಿಂದ ಎಲ್ಲಾ ಇಂಕ್‌ಸ್ಕೇಪ್ ಅನ್ನುವ, ಚಿತ್ರ ಬಿಡಿಸುವ ಬಿಟ್ಟಿ ಸಾಫ್ಟ್‌ವೇರ್‌ನಲ್ಲೇ. ಹೋದ ತಿಂಗಳು ಚಿಕ್ಕಮಗಳೂರಿನ ಒಬ್ಬರು ಕಾಫಿಪುಡಿ ವ್ಯಾಪಾರಿಗೆ ಪ್ಯಾಕೆಟ್ಟಿನ ಲೇಬಲ್ ಮಾಡಿಕೊಟ್ಟೆ. ಬೇಲೂರು ಗುಡಿಯ ಬುಡದಲ್ಲಿ ಆನೆಗಳ ಸಾಲು ಇದೆಯಲ್ಲ, ಅದನ್ನು ನೋಡಿ ಬಿಡಿಸಿದ ಅಂಚು, ಮಧ್ಯೆ ಒಂದು ಕಾಫಿ ರೆಂಬೆ. ಎರಡು ಭಾನುವಾರ ಅಲ್ಲೇ ಕೂತು ಸ್ಕೆಚ್ ಹಾಕಿದ್ದೆ. ಮಧ್ಯಾಹ್ನದ ಬಿಸಿಲಿಗೆ ಆ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಲ್ಲೋಕಾಗಲ್ಲ, ಗೊತ್ತಲ್ವಾ?

ಲೇಬಲ್ ಅವರಿಗೆ ಇಷ್ಟವಾಯಿತು. ಆದರೆ ಅವರ ಅಳಿಯ ತಲೆಗೆ ಹುಳ ಬಿಟ್ಟ. "ಬಿಟ್ಟಿ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು ಊರಿಗೆಲ್ಲ ಸೇರಿದ್ದು. ನಾಳೆ ಪಕ್ಕದಂಗಡಿಯವನೂ ಇದನ್ನೇ ಹಾಕಿಕೊಳ್ಳಬಹುದು" ಅಂತ. ಈಗ 1,500 ರೂಪಾಯಿ ಹಿಡಿದಿಟ್ಟಿದ್ದಾರೆ. ಇಂಕ್‌ಸ್ಕೇಪ್‌ಗೆ ಜಿಪಿಎಲ್ (ಯಾರು ಬೇಕಾದರೂ ಬಳಸಿ, ಬದಲಾಯಿಸಿ, ಅದೇ ಶರತ್ತಿನಲ್ಲಿ ಹಂಚಬಹುದು ಅನ್ನುವ ಲೈಸೆನ್ಸ್) ಇರೋದು ನಿಜ. ಅದರಿಂದ ಎಕ್ಸ್‌ಪೋರ್ಟ್ ಮಾಡಿದ ಚಿತ್ರವೂ ಜಿಪಿಎಲ್ ಆಗುತ್ತಾ?

ಇನ್ನೊಂದು. ಆ ಆನೆ ಅಂಚನ್ನು ಶಾಲೆ ಮಕ್ಕಳು, ಮೇಷ್ಟ್ರುಗಳು ಬಳಸಲಿ ಅಂತ ಮುಕ್ತವಾಗಿ ಕೊಡುವ ಆಸೆಯೂ ನನಗಿದೆ. ಎರಡೂ ಒಟ್ಟಿಗೆ ಆಗುತ್ತಾ?

ಉತ್ತರ: ಒರಳುಕಲ್ಲು

ಪಕ್ಕದ ಮನೆ ಒರಳಲ್ಲಿ ರುಬ್ಬಿದ ಮಾತ್ರಕ್ಕೆ ಚಟ್ನಿ ಅವರದ್ದಾಗುತ್ತಾ? ಜಿಪಿಎಲ್ ಇರುವುದು ಇಂಕ್‌ಸ್ಕೇಪ್‌ನ ಕೋಡಿಗೆ. ನೀವು ಬಿಡಿಸಿದ್ದು ನಿಮ್ಮದು. ಗಿಂಪ್, ಕ್ರಿಟಾ, ಬ್ಲೆಂಡರ್ ಥರದ ಬಿಟ್ಟಿ ಚಿತ್ರದ ಸಾಫ್ಟ್‌ವೇರ್ ಎಲ್ಲದಕ್ಕೂ ಇದೇ ಲೆಕ್ಕ.

ಒರಳಿನ ಚೂರು ಚಟ್ನಿಯಲ್ಲಿ ಸೇರಿದರೆ ಮಾತ್ರ ಬೇರೆ ಮಾತು. ಬೈಸನ್ ಅಂತ ಪ್ರೋಗ್ರಾಮರ್‌ಗಳ ಉಪಕರಣ ಒಂದಿದೆ. ಅದು ತನ್ನದೇ ಕೋಡಿನ ಒಂದು ತುಂಡನ್ನು ಔಟ್‌ಪುಟ್‌ಗೆ ಹಾಕುತ್ತದೆ. ಅದಕ್ಕೇ ಅದರ ಲೈಸೆನ್ಸ್‌ನಲ್ಲಿ ಒಂದು ವಿನಾಯಿತಿ ಬರೆದಿಟ್ಟಿದ್ದಾರೆ. ನಿಮ್ಮ ಆನೆಗಳಿಗೆ ಆ ತಲೆನೋವಿಲ್ಲ. ಶಿಲ್ಪ 12ನೇ ಶತಮಾನದ್ದು, ಅದರ ಕಾಪಿರೈಟ್ ಕೇಳುವವರೂ ಯಾರೂ ಇಲ್ಲ.

ಉತ್ತರ: ಅಕ್ಷರ ಜೋಡಿಸುವವಳು

ಸಾಫ್ಟ್‌ವೇರ್ ಬಿಡಿ, ಒಳಗೆ ಏನೇನು ತಂದು ಹಾಕಿದ್ದೀರಿ ಅಂತ ನೋಡಿ. ಅಕ್ಷರ ಯಾವುದು? ಬಾಲೂ ತಮ್ಮ ಅನ್ನುವ ಕನ್ನಡ ಫಾಂಟ್ ಥರದ್ದಾದರೆ ಅದಕ್ಕಿರುವುದು ಓಪನ್ ಫಾಂಟ್ ಲೈಸೆನ್ಸ್, ಅಂದರೆ ಫಾಂಟುಗಳಿಗೆ ಹಾಕುವ ಮುಕ್ತ ಲೈಸೆನ್ಸ್. ಆ ಫಾಂಟಿನಲ್ಲಿ ಮಾಡಿದ ಲೇಬಲ್ಲಿಗೆ ಆ ಲೈಸೆನ್ಸ್ ಅಂಟಿಕೊಳ್ಳಲ್ಲ. ಜಿಪಿಎಲ್ ಫಾಂಟ್ ಆದರೆ 'ಫಾಂಟ್ ಎಕ್ಸೆಪ್ಷನ್' (ಫಾಂಟ್ ಸೇರಿದ ಮಾತ್ರಕ್ಕೆ ಫೈಲಿಗೆ ಜಿಪಿಎಲ್ ಅಂಟಲ್ಲ ಅನ್ನುವ ವಿನಾಯಿತಿ) ಇದೆಯಾ ನೋಡಿಕೊಳ್ಳಿ, ಪಿಡಿಎಫ್‌ನೊಳಗೆ ಫಾಂಟೂ ಸೇರಿಕೊಂಡು ಹೋಗುತ್ತಲ್ಲ.

ಕಾಫಿ ರೆಂಬೆ ನೀವೇ ಬಿಡಿಸಿದ್ದಾ? ಪ್ರಶ್ನೆಯಲ್ಲಿ ಆನೆ ಬಗ್ಗೆ ಅಷ್ಟು ಬರೆದು ರೆಂಬೆ ಬಗ್ಗೆ ಸುಮ್ಮನಿದ್ದೀರಿ, ಅದಕ್ಕೆ ಕೇಳಿದೆ.

ಉತ್ತರ: ಒರಳುಕಲ್ಲು

ಎರಡನೇ ಪ್ರಶ್ನೆಗೆ. ಆಗುತ್ತೆ. ಮಾಲೀಕರು ನೀವೇ, ಅಂಗಡಿಗೆ ಒಂದು ಶರತ್ತು, ಊರಿಗೆ ಇನ್ನೊಂದು ಶರತ್ತು ಹಾಕಬಹುದು. ಸಿಸಿ ಬೈ-ಎಸ್‌ಎ ಅನ್ನುವ ಕ್ರಿಯೇಟಿವ್ ಕಾಮನ್ಸ್ ಮುಕ್ತ ಲೈಸೆನ್ಸ್ ಹಾಕಿದರೆ ಬಳಸುವವರು ನಿಮ್ಮ ಹೆಸರು ಹೇಳಬೇಕು, ಬದಲಾಯಿಸಿ ಹಂಚಿದರೆ ಅದೇ ಲೈಸೆನ್ಸ್‌ನಲ್ಲಿ ಹಂಚಬೇಕು. ಆದರೆ ಪಕ್ಕದಂಗಡಿಯವನೂ ಹಾಗೆ ಬಳಸಬಹುದು! 'ವ್ಯಾಪಾರಕ್ಕೆ ಬೇಡ' ಅನ್ನುವ ಎನ್‌ಸಿ ಹಾಕಿದರೆ ವಿಕಿಪೀಡಿಯದ ಚಿತ್ರಭಂಡಾರ ವಿಕಿಮೀಡಿಯ ಕಾಮನ್ಸ್ ತೆಗೆದುಕೊಳ್ಳಲ್ಲ. ಒಮ್ಮೆ ಕೊಟ್ಟ ಲೈಸೆನ್ಸ್ ವಾಪಸ್ಸೂ ಇಲ್ಲ. ಆ ಸಾಲೇ ಅವರ ಪ್ಯಾಕೆಟ್ಟಿನ ಗುರುತಾದರೆ ಅದನ್ನು ಊರಿಗೆ ಕೊಡಬೇಡಿ, ಮಕ್ಕಳಿಗೆ ಬೇರೆ ಬಿಡಿಸಿಕೊಡಿ. ಬೇಲೂರಲ್ಲಿ ಆನೆಗೇನು ಬರವೇ?

ಅಂಗಡಿಗೆ ಹಕ್ಕು ವರ್ಗಾಯಿಸುವುದಾದರೆ ಬಾಯಿಮಾತು ಸಾಲದು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರಹದಲ್ಲಿ ಇರಬೇಕು, ಸಹಿ ಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೇ ಅರ್ಥ.

ಪ್ರಶ್ನೆ ಕೇಳಿದವರಿಂದ: ಆನೆಸಾಲು, ಹಾಸನ

ಸಿಕ್ಕಿಬಿದ್ದೆ. ರೆಂಬೆ ನನ್ನದಲ್ಲ, ಯಾವಾಗಲೋ ಡೌನ್‌ಲೋಡ್ ಮಾಡಿದ್ದು. ಆ ಎಸ್‌ವಿಜಿ ಚಿತ್ರದ ಫೈಲನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದು ಡಾಕ್ಯುಮೆಂಟ್ ಪ್ರಾಪರ್ಟೀಸ್‌ನ ಲೈಸೆನ್ಸ್ ಟ್ಯಾಬ್ ನೋಡಿದೆ, ಖಾಲಿ. ನನ್ನ ಫೈಲುಗಳಲ್ಲೂ ಖಾಲಿಯೇ. ಆರು ವರ್ಷದಲ್ಲಿ ಆ ಟ್ಯಾಬ್ ಒಮ್ಮೆಯೂ ಒತ್ತಿರಲಿಲ್ಲ.

ನಿನ್ನೆ ಮೂಡಿಗೆರೆ ಕಡೆಯಿಂದ ಬಂದ ಅತ್ತೆ ತೋಟದ ಒಂದು ರೆಂಬೆ ಮುರಿದು ತಂದುಕೊಟ್ಟರು. ಮೇಜಿನ ಮೇಲಿಟ್ಟುಕೊಂಡು ಹೊಸದಾಗಿ ಬಿಡಿಸಿದೆ. ಕಾಫಿ ಎಲೆ ಜೋಡಿಜೋಡಿಯಾಗಿ, ಎದುರುಬದುರು ಬರುತ್ತೆ. ಡೌನ್‌ಲೋಡ್ ಮಾಡಿದ್ದರಲ್ಲಿ ಒಂದು ಆಕಡೆ, ಒಂದು ಈಕಡೆ ಇತ್ತು. ಕಾಫಿ ಸೀಮೆಯವರ ಪ್ಯಾಕೆಟ್ಟಿಗೆ ಅದನ್ನು ಹಾಕಿಕೊಟ್ಟಿದ್ದೆ, ಅಳಿಯನೂ ನೋಡಿರಲಿಲ್ಲ.