ಬಸುರಿಯ ಊಟದಲ್ಲಿ ನೀವು ಏನನ್ನು ಬಿಟ್ಟಿರಿ, ಏನನ್ನು ಮಿತಿಯಲ್ಲಿಟ್ಟಿರಿ? ಅನುಭವಿಗಳು ತಿಳಿಸಿ

ತೀರ್ಥಹಳ್ಳಿ ಸೀಮೆಯ ಸೊಸೆ:
ನನಗೀಗ ಹತ್ತು ವಾರ, ಚೊಚ್ಚಲು. ಅತ್ತೆಯವರು ಪಪ್ಪಾಯಿ, ಅನಾನಸು, ಹಲಸು, ಎಳ್ಳು, ಬದನೆ, ಹರಿವೆ, ಮೊಟ್ಟೆ ಯಾವುದೂ ಬೇಡವೆನ್ನುತ್ತಾರೆ. ತಾಯಿ ಕಾರ್ಡ್ ಮಾಡಿಸಲು ಹೋದಾಗ ಡಾಕ್ಟರು ಸೊಪ್ಪು, ಮೊಟ್ಟೆ, ಹಣ್ಣು ಚೆನ್ನಾಗಿ ತಿನ್ನಿ, ಕಾಫಿ ಕಡಿಮೆ ಮಾಡಿ ಎಂದರು. ಮಳೆ ಹಿಡಿದಿರುವುದರಿಂದ ಮನೆಗೆ ಕಳಲೆ (ಎಳೆ ಬಿದಿರಿನ ಮೊಳಕೆ) ಬಂದಿದೆ. ಅದರ ಬಗ್ಗೆ ಕೇಳಲು ಮರೆತುಬಿಟ್ಟೆ. ಒಗ್ಗರಣೆಯ ವಾಸನೆ ಬಂದರೆ ಸಾಕು ವಾಂತಿಯಾಗುತ್ತದೆ. ಅಪ್ಪೆಮಿಡಿಯ ರಸ ಕಲಸಿದ ಗಂಜಿ ಮಾತ್ರ ಹೊಟ್ಟೆಯಲ್ಲಿ ನಿಲ್ಲುತ್ತಿದೆ. ನೀವೆಲ್ಲ ಏನು ಮಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಹೊಸನಗರದ ತಾಯಿ:
ತಂಗಿ, ಬಿಡಬೇಕಾದದ್ದರ ಪಟ್ಟಿ ಬೆಳೆಯುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಸಾಕ್ಷಿ. ನಮ್ಮ ಮನೆಯಲ್ಲಿ ಹರಿವೆ ನಂಜು, ಮೊಟ್ಟೆ ಉಷ್ಣ, ಬಾಳೆಹಣ್ಣು ಶೀತ, ಹೊಟ್ಟೆ ತುಂಬ ಉಂಡರೆ ಮಗು ದೊಡ್ಡದಾಗಿ ಹೆರಿಗೆ ಕಷ್ಟ ಎಂದು ಒಂದೊಂದಾಗಿ ಬಿಡಿಸುತ್ತ ಬಂದು, ಐದನೆಯ ತಿಂಗಳಿಗೆ ನನ್ನ ತಟ್ಟೆಯಲ್ಲಿ ಅನ್ನ, ತಿಳಿಸಾರು ಮತ್ತು ಮಜ್ಜಿಗೆ ಮಾತ್ರ ಉಳಿದಿದ್ದವು. ಕಬ್ಬಿಣದ ಮಾತ್ರೆಯನ್ನು ಬೆಳಗಿನ ಕಾಫಿಯೊಡನೆ ನುಂಗುತ್ತಿದ್ದೆ. ಇಪ್ಪತ್ತೆಂಟನೆಯ ವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.9 ಇತ್ತು, ಬಸುರಿಗೆ 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಎನ್ನುತ್ತಾರೆ. ಮಾತ್ರೆಗೆ ಕಾಯುವಷ್ಟು ಸಮಯವಿಲ್ಲವೆಂದು ನರದ ಮೂಲಕವೇ ಕಬ್ಬಿಣದ ಔಷಧ ಕೊಡಿಸಲು ಎರಡು ಸಲ ಶಿವಮೊಗ್ಗಕ್ಕೆ ಹೋಗಬೇಕಾಯಿತು. ಪ್ರತಿ ಸಲ ಔಷಧಕ್ಕೆ 3,650 ರೂಪಾಯಿ, ಹಾಸಿಗೆಗೆ 900, ಬಾಡಿಗೆ ಕಾರಿಗೆ 2,600. ಎರಡೂ ಸೇರಿ 14,300 ರೂಪಾಯಿ. ಎರಡನೆಯ ಸಲ ರಸ್ತೆಗೆ ಮರ ಬಿದ್ದಿದ್ದರಿಂದ ಕಾರಿನಲ್ಲೇ ಎರಡು ಗಂಟೆ ಕುಳಿತಿದ್ದೆವು. ಮಗಳು ಹುಟ್ಟಿದಾಗ 2 ಕಿಲೋ 250 ಗ್ರಾಂ ಇದ್ದಳು, ಐದು ದಿನ ನನ್ನ ಪಕ್ಕದಲ್ಲಿ ಮಲಗಿಸಲಿಲ್ಲ. ಮನೆಗೆ ಬಂದಾಗ ಹಿತ್ತಿಲಿನ ಹರಿವೆ ನನ್ನ ಸೊಂಟದೆತ್ತರ ಬೆಳೆದು ಬೀಜಕ್ಕೆ ಬಂದಿತ್ತು, ಯಾರೂ ಕೊಯ್ದಿರಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇಕಡಾ 52.2 ಮಂದಿಗೆ ರಕ್ತಹೀನತೆಯಿದೆ. ಅವರಲ್ಲಿ ಎಷ್ಟು ಮಂದಿಯ ಹಿತ್ತಿಲಲ್ಲಿ ಹರಿವೆ ಬೀಜಕ್ಕೆ ಬಂದಿತ್ತೋ ಏನೋ.

ಶೃಂಗೇರಿ ಸೀಮೆಯ ಅಜ್ಜಿ:
ನಾಲ್ವರು ಹೆಣ್ಣುಮಕ್ಕಳ ಮತ್ತು ಇಬ್ಬರು ಸೊಸೆಯರ ಬಾಣಂತನ ಮಾಡಿದ ಕೈ ಇದು. ಹೊಸನಗರದ ತಾಯಿಯವರು ಮಾತ್ರೆಯನ್ನು ಕಾಫಿಯೊಡನೆ ನುಂಗಿ, ದೋಷವನ್ನು ಅತ್ತೆಯ ತಲೆಗೆ ಕಟ್ಟಿದ್ದಾರೆ. ಹಿಂದಿನವರು ಕಾರಣವಿಲ್ಲದೆ ಯಾವುದನ್ನೂ ಬೇಡವೆಂದವರಲ್ಲ. ಕಾಯಿ ಪಪ್ಪಾಯಿಯನ್ನು ಕೊಯ್ದಾಗ ಸುರಿಯುವ ಬಿಳಿಯ ಹಾಲು ಗರ್ಭಕೋಶವನ್ನು ಹಿಂಡುತ್ತದೆಂದು ನಾವು ಹೇಳುತ್ತಿದ್ದೆವು. ಈಗ ಡಾಕ್ಟರುಗಳೂ ಕಾಯಿ ಮತ್ತು ದೋರೆ ಪಪ್ಪಾಯಿ ಬೇಡವೆಂದೇ ಹೇಳುತ್ತಾರಲ್ಲ? ಕಳಲೆಯೂ ಹಾಗೆಯೇ, ಅದು ವಿಷದ ಪದಾರ್ಥ. ಸಣ್ಣಗೆ ಹೆಚ್ಚಿ, ಮೂರು ದಿನ ನೀರಿನಲ್ಲಿಟ್ಟು, ದಿನವೂ ನೀರು ಬದಲಿಸಿ, ನಂತರ ಚೆನ್ನಾಗಿ ಬೇಯಿಸಿದರಷ್ಟೇ ತಿನ್ನಲು ಯೋಗ್ಯ. ಮನೆಯಲ್ಲಿ ಕೆಲಸದ ಗಡಿಬಿಡಿಯಿದ್ದಾಗ ಯಾರಾದರೊಬ್ಬರು ಒಂದು ದಿನ ನೀರು ಬದಲಿಸಲು ಮರೆಯುತ್ತಾರೆ, ಅದಕ್ಕಾಗಿಯೇ ನಾನು ಬಸುರಿಯರ ಎಲೆಗೆ ಕಳಲೆಯನ್ನು ಬಡಿಸಿದವಳೇ ಅಲ್ಲ. ಆರೂ ಹೆರಿಗೆಗಳು ಸುಸೂತ್ರವಾದವು.

ಹೊಸನಗರದ ತಾಯಿ:
ಅಜ್ಜಿಯವರೇ, ನೀರಿನಲ್ಲಿ ನುಂಗಿದರೆ ವಾಕರಿಕೆ ಬರುತ್ತದೆಂದು ಮಾತ್ರೆಯನ್ನೂ ಕಾಫಿಯನ್ನೂ ಒಂದೇ ತಟ್ಟೆಯಲ್ಲಿಟ್ಟು ತಂದುಕೊಡುತ್ತಿದ್ದವರು ಅತ್ತೆಯವರೇ. ಅದನ್ನು ಮೊದಲು ಬರೆದಿರಲಿಲ್ಲ, ನೀವು ಬರೆಸಿದಿರಿ.

ಸಾಗರದ ಒಬ್ಬಳು:
ಕಾರಣವಿಲ್ಲದೆ ಯಾವುದನ್ನೂ ಬೇಡವೆಂದವರಲ್ಲ ಎಂಬ ಮಾತನ್ನು ಓದಿ ಸುಮ್ಮನಿರಲಾಗಲಿಲ್ಲ. ನಾನು ಮೊದಲ ಸಲ ಗರ್ಭಿಣಿಯಾಗಿದ್ದಾಗ ನೆಂಟರ ಮದುವೆಯಲ್ಲಿ ಅನಾನಸಿನ ಎರಡು ಹೋಳು ತಿಂದೆ. ಪಕ್ಕದ ಎಲೆಯಲ್ಲಿ ಕುಳಿತಿದ್ದ ಓರಗಿತ್ತಿ ಅದನ್ನು ನೋಡಿದ್ದಳು. ಹದಿಮೂರು ದಿನಗಳ ನಂತರ, ಒಂಬತ್ತನೆಯ ವಾರದಲ್ಲಿ, ಗರ್ಭ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ದಿನ ಸಂಜೆಯೇ ಅಡುಗೆಮನೆಯಲ್ಲಿ ಆ ಎರಡು ಹೋಳುಗಳ ಮಾತು ಶುರುವಾಯಿತು. ನಾಲ್ಕು ವರ್ಷ, ಪ್ರತಿ ಮದುವೆಯಲ್ಲಿ, ಪ್ರತಿ ಸೀಮಂತದಲ್ಲಿ, ನನ್ನ ಎದುರಿಗೇ ಅದನ್ನು ಹೇಳಿದರು, ನಾನೂ ನಂಬಿದೆ. ಎರಡನೆಯ ಬಾರಿ ಗರ್ಭಿಣಿಯಾದಾಗ ಡಾಕ್ಟರ ಮುಂದೆ ಅಳುತ್ತ ಅನಾನಸಿನ ವಿಷಯ ಹೇಳಿದೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟು ಭ್ರೂಣದ ವರ್ಣತಂತುಗಳ ದೋಷದಿಂದಲೇ ಆಗುತ್ತವೆ, ತಿಂದದ್ದರಿಂದಲ್ಲ, ಅನಾನಸಿನಲ್ಲಿರುವ ಬ್ರೊಮೆಲಿನ್ ಎರಡು ಹೋಳಿನಲ್ಲಿ ಏನನ್ನೂ ಮಾಡಲಾರದು ಎಂದು ಅವರು ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಆ ಕಾಗದ ಇಂದಿಗೂ ನನ್ನ ಬೀರುವಿನಲ್ಲಿದೆ. ಪಪ್ಪಾಯಿಯೂ ಅಷ್ಟೇ: ಕಾಯಿಯಲ್ಲಿರುವ ಹಾಲು ಪೂರ್ತಿ ಮಾಗಿದ ಹಣ್ಣಿನಲ್ಲಿ ಉಳಿದಿರುವುದಿಲ್ಲ. ಅಜ್ಜಿಯವರು ಕಾಯಿಯ ಮಾತನ್ನು ಹಣ್ಣಿಗೂ ಅಂಟಿಸುತ್ತಿದ್ದಾರೆ.

ಶೃಂಗೇರಿ ಸೀಮೆಯ ಅಜ್ಜಿ:
ನಾನು ಹಣ್ಣಿನ ಮಾತನ್ನೇ ಆಡಿಲ್ಲ, ಮತ್ತೊಮ್ಮೆ ಓದಿಕೊಳ್ಳಿ. ನಿಮ್ಮ ಓರಗಿತ್ತಿಯ ನಾಲಗೆಗೆ ನಾನು ಹೊಣೆಯಲ್ಲ. ಆದರೂ ನಿಮಗೆ ಹಾಗೆ ಹೇಳಬಾರದಿತ್ತು.

ಕೊಪ್ಪದ ಕಾಫಿ ಮನೆಯವಳು:
ಎಲ್ಲರೂ ಹಣ್ಣುಗಳ ಮೇಲೆ ಬಿದ್ದಿದ್ದೀರಿ, ನಿಜವಾಗಿ ಲೆಕ್ಕ ಹಾಕಬೇಕಾದ ಕಾಫಿಯನ್ನು ಬಿಟ್ಟಿದ್ದೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2024ರ ಆಹಾರ ಮಾರ್ಗಸೂಚಿಯಲ್ಲಿ 150 ಮಿಲಿಲೀಟರಿನ ಒಂದು ಕಪ್ ಇಳಿಸಿದ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ದಿಢೀರ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇದೆಯೆಂದು ಹೇಳಿದ್ದಾರೆ. ಗರ್ಭಿಣಿಗೆ ದಿನಕ್ಕೆ 200 ಮಿಲಿಗ್ರಾಂ ದಾಟದಿರಲಿ ಎಂದು ನನ್ನ ಡಾಕ್ಟರು ಹೇಳಿದ್ದರು. ನಾನು ನಮ್ಮ ಮನೆಯ ಲೋಟವನ್ನು ಔಷಧದ ಅಳತೆಯ ಮುಚ್ಚಳದಿಂದ ಅಳೆದು ನೋಡಿದೆ, 220 ಮಿಲಿಲೀಟರ್ ಹಿಡಿಯುತ್ತದೆ! ದಿನಕ್ಕೆ ಅಂಥ ಐದು ಲೋಟ ಕುಡಿಯುತ್ತಿದ್ದೆ. ಹಾಲನ್ನು ಕಳೆದು ಲೆಕ್ಕ ಹಿಡಿದರೂ ಮಿತಿ ದಾಟುತ್ತಿತ್ತು, ಏಕೆಂದರೆ ನಮ್ಮಲ್ಲಿ ಡಿಕಾಕ್ಷನ್ ಚಮಚ ನಿಲ್ಲುವಷ್ಟು ಗಟ್ಟಿ. ಬೆಳಿಗ್ಗೆ ಅರ್ಧ ಲೋಟ, ಸಂಜೆ ನಾಲ್ಕಕ್ಕೆ ಅರ್ಧ ಲೋಟಕ್ಕೆ ಇಳಿಸಿದೆ. ಒಂಬತ್ತು ದಿನ ತಲೆ ಸಿಡಿಯಿತು, ನಾಲ್ಕನೆಯ ದಿನ ಗಂಡನ ಮೇಲೆ ಸೌಟು ಎಸೆದದ್ದೂ ಉಂಟು. ಸ್ವಂತ ತೋಟದ ಕಾಫಿ ಬೇಡವೆನ್ನುವ ಸೊಸೆಯೆಂದು ಮಾವನವರು ಮೂರು ತಿಂಗಳು ಮುಖ ಊದಿಸಿಕೊಂಡಿದ್ದರು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ನಂತರ ಕಾಫಿ, ಚಹಾ ಕುಡಿದರೆ ಊಟದ ಕಬ್ಬಿಣ ಮೈಗೆ ಹತ್ತುವುದಿಲ್ಲವೆಂದೂ ಅದೇ ಮಾರ್ಗಸೂಚಿಯಲ್ಲಿದೆ. ನನ್ನ ಹಿಮೋಗ್ಲೋಬಿನ್ ಕೊನೆಯವರೆಗೂ 11.4ಕ್ಕಿಂತ ಇಳಿಯಲಿಲ್ಲ.

ಶಿವಮೊಗ್ಗ, ವಿನೋಬನಗರ:
ನನಗೆ ಕಾಫಿಯ ಚಟವಿರಲಿಲ್ಲ, ಜೋನಿಬೆಲ್ಲದ ಚಟವಿತ್ತು. ಬೆಲ್ಲ ಸಕ್ಕರೆಯಲ್ಲ, ರಕ್ತ ಹೆಚ್ಚಿಸುತ್ತದೆ ಎಂಬ ನಂಬಿಕೆಯಿಂದ ದಿನವೂ ಬೆಳಿಗ್ಗೆ ಕಡುಬಿನ ಮೇಲೆ ಜೋನಿಬೆಲ್ಲ, ತುಪ್ಪ ಸುರಿದುಕೊಂಡು ತಿಂದೆ. ಇಪ್ಪತ್ತಾರನೆಯ ವಾರ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ 168 ಬಂತು. 140 ಮುಟ್ಟಿದರೇ ಗರ್ಭಿಣಿಯ ಸಕ್ಕರೆ ಕಾಯಿಲೆ. ಅಲ್ಲಿಂದ ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಂಡೆ. ಹನ್ನೆರಡು ವಾರಗಳಿಗೆ ರಕ್ತ ಪರೀಕ್ಷೆಯ 336 ಪಟ್ಟಿ, ಐವತ್ತರ ಡಬ್ಬಿಗೆ 1,050 ರೂಪಾಯಿಯಂತೆ ಏಳು ಡಬ್ಬಿಗೆ 7,350 ರೂಪಾಯಿ, ಮೇಲೆ ಇನ್ಸುಲಿನ್ ಬೇರೆ. ನನ್ನ ಪುಸ್ತಕದಲ್ಲಿರುವಂತೆ ಬರೆಯುತ್ತೇನೆ: ಜೋನಿಬೆಲ್ಲದೊಡನೆ ಎರಡು ಕಡುಬು, ಎರಡು ಗಂಟೆಯ ನಂತರ 182. ಹೆಸರುಕಾಳಿನ ಪಲ್ಯದೊಡನೆ ಒಂದು ಕಡುಬು, 117. ಆರು ತೊಳೆ ಹಲಸು, 171. ಎರಡು ತೊಳೆ, 124. ನನಗೆ ಕೊಟ್ಟಿದ್ದ ಗುರಿ 120ರ ಒಳಗೆ. ಹಲಸು ಉಷ್ಣವೋ ಶೀತವೋ ಎಂದು ಜಗಳವಾಡುವವರು ಎಷ್ಟು ತೊಳೆ ಎಂದು ಮೊದಲು ಕೇಳಲಿ.

ಸೊರಬದ ತೋಟದ ಮನೆಯವಳು:
ವಾಂತಿಗೆ ನಾನು ಕವಳ ಹಾಕುತ್ತಿದ್ದೆ. ಊಟವಾದ ಮೇಲೆ ಎಲೆ, ಎಳೆಯ ಅಡಿಕೆ, ಚಿಟಿಕೆ ಸುಣ್ಣ, ಹೊಗೆಸೊಪ್ಪು ಮುಟ್ಟಿದವಳಲ್ಲ. ಬಾಯಿಯ ನೀರೂರುವಿಕೆ ನಿಲ್ಲುತ್ತಿತ್ತು. ತಂಗಿ, ಬೇಕಾದರೆ ನೋಡು.

ಶಿವಮೊಗ್ಗ, ವಿನೋಬನಗರ:
ದಯವಿಟ್ಟು ಈ ಸಲಹೆಯನ್ನು ಹಿಂತೆಗೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆಯ ಅರೆಕೋಲಿನ್ ಮಾಸನ್ನು ದಾಟಿ ಮಗುವನ್ನು ಮುಟ್ಟುತ್ತದೆ.

ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು:
ಇಲ್ಲಿಯೂ ಅಡಿಕೆಯ ಮೇಲೆಯೇ ಕಣ್ಣು ಬಿತ್ತೇ? ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಹೊಡೆದು ಕೈ ನೀಲಿಯಾಗಿರುವ ನಮ್ಮ ಹೊಟ್ಟೆಯ ಮೇಲೆ ಎಲ್ಲರೂ ಹೊಡೆಯುವವರೇ. ನನ್ನ ಅಜ್ಜಿ ಎಂಟು ಹೆತ್ತಳು, ಕೊನೆಯ ದಿನದವರೆಗೆ ಕವಳ ಹಾಕಿದಳು. ಸೀಮಂತದಲ್ಲಿ ಎಲೆಅಡಿಕೆ ಇಲ್ಲದೆ ಯಾವ ತಟ್ಟೆ ಕೊಡುತ್ತೀರಿ?

ಶಿವಮೊಗ್ಗ, ವಿನೋಬನಗರ:
ತಟ್ಟೆಯಲ್ಲಿಟ್ಟು ಕೊಡಿ, ಬಸುರಿ ಜಗಿಯುವುದು ಬೇಡ ಎಂದೆ. ನನ್ನ ತವರಿನಲ್ಲೂ ಮೂರು ಎಕರೆ ಅಡಿಕೆ ತೋಟವಿದೆ, ನನ್ನ ಓದಿನ ಶುಲ್ಕ ಕಟ್ಟಿದ್ದು ಅದರಿಂದಲೇ. ನಿಮ್ಮ ಅಜ್ಜಿ ಎಂಟು ಹೆತ್ತರು ಸರಿ, ಎಷ್ಟು ಮಕ್ಕಳು ಉಳಿದರು ಎಂಬುದನ್ನು ಬರೆಯಲಿಲ್ಲ.

ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು:
ಐದು. ಅದಕ್ಕೂ ಅಡಿಕೆಗೂ ಸಂಬಂಧವಿಲ್ಲ.

ಭದ್ರಾವತಿಯ ಒಬ್ಬ ತಂದೆ:
ಮೀನಿನ ಬಗ್ಗೆ ಯಾರೂ ಬರೆದಿಲ್ಲ. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆಮೀನುಗಳಲ್ಲಿ ಪಾದರಸ ಸೇರಿರುತ್ತದೆ, ಅವು ಬೇಡ. ಘಾಟಿ ಹತ್ತಿ ಬರುವ ಬಂಗುಡೆ, ಬೂತಾಯಿ ಸಣ್ಣ ಮೀನುಗಳು, ತಾಜಾ ಇದ್ದು ಚೆನ್ನಾಗಿ ಬೆಂದಿದ್ದರೆ ಅಡ್ಡಿಯಿಲ್ಲ. ನನ್ನ ಹೆಂಡತಿಯ ತವರಿನಲ್ಲಿ ಕರೆದ ಹಾಲನ್ನು ಹಸಿಯಾಗಿಯೇ ಕುಡಿಸುವ ರೂಢಿಯಿತ್ತು. ಆ ವರ್ಷ ಕೊಟ್ಟಿಗೆಯಲ್ಲಿ ಎರಡು ದನ ಕಂದು ಹಾಕಿದವು. ಕಂದುರೋಗ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆಂದು ಪಶುವೈದ್ಯರು ಹೇಳಿದ ಮೇಲೆ ಹಾಲನ್ನು ಉಕ್ಕಿಸದೆ ಯಾರೂ ಮುಟ್ಟಲಿಲ್ಲ. ಹೆಂಡತಿಯ ರಕ್ತ ಪರೀಕ್ಷೆಯ ಫಲಿತಾಂಶ ಬರುವವರೆಗಿನ ಆರು ರಾತ್ರಿ ನಾನು ನಿದ್ದೆ ಮಾಡಿಲ್ಲ.

ತೀರ್ಥಹಳ್ಳಿ ಸೀಮೆಯ ಸೊಸೆ:
ಎಲ್ಲರಿಗೂ ವಂದನೆ. ಇದನ್ನೆಲ್ಲ ಅತ್ತೆಯವರಿಗೆ ಓದಿ ಹೇಳಿದೆ. ಹರಿವೆಗೆ ಒಪ್ಪಿದ್ದಾರೆ, ಮೊಟ್ಟೆಗೆ ಇಲ್ಲ. ಕಳಲೆ ಬಕೆಟ್ಟಿನಲ್ಲಿ ಎರಡನೆಯ ನೀರಿನಲ್ಲಿದೆ. ಕವಳವೊಂದನ್ನು ಬಿಟ್ಟರೆ ವಾಂತಿಗೆ ಯಾರೂ ಏನೂ ಹೇಳಲಿಲ್ಲ.

ಸಾಗರದ ಒಬ್ಬಳು:
ಕ್ಷಮಿಸು ತಂಗಿ, ನಾವು ನಮ್ಮ ನಮ್ಮ ಗಾಯವನ್ನೇ ತೋರಿಸುತ್ತ ಕುಳಿತೆವು. ಈ ವಾರಗಳಲ್ಲಿ ನಿಂತದ್ದನ್ನು ತಿನ್ನು, ಗಂಜಿಯಾದರೂ ಸರಿ, ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ. ಉಪ್ಪಿನಕಾಯಿಯ ರಸವನ್ನು ಮಾತ್ರ ಚಮಚದ ಲೆಕ್ಕದಲ್ಲಿ ಇಟ್ಟುಕೋ. ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಕಡು ಹಳದಿಯಾದರೆ, ತೂಕ ಇಳಿಯುತ್ತ ಬಂದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡ, ಅಂದೇ ಹೋಗು. ವಾಂತಿಗೆ ಗರ್ಭಿಣಿಯರಿಗೆ ಕೊಡುವ ಮಾತ್ರೆಗಳಿವೆ.

ಶೃಂಗೇರಿ ಸೀಮೆಯ ಅಜ್ಜಿ:
ಬಕೆಟ್ಟಿನ ನೀರನ್ನು ಚೆಲ್ಲುವಾಗ ದನಗಳು ಕುಡಿಯುವ ಕಡೆ ಚೆಲ್ಲಬೇಡ, ಮಗಳೇ. ಪಲ್ಯ ಮನೆಯವರಿಗಾಯಿತು, ನಿನಗೆ ಹರಿವೆ ಕೊಯ್ದುಕೊಡಲು ಹೇಳು.