ಟಿವಿ ಲೈಸೆನ್ಸ್: ಶುಲ್ಕವೋ, ಕರವೋ, ವಂತಿಗೆಯೋ?

ಎಲ್ಲರಿಗೂ ನಮಸ್ಕಾರ.

ಸಾರ್ವಜನಿಕ ಟಿವಿಯ ಖರ್ಚನ್ನು ಬೇರೆ ಬೇರೆ ದೇಶಗಳಲ್ಲಿ ಯಾರು ಹೊರುತ್ತಾರೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯಕ್ಕಿಂತ ಪದಗಳೇ ಜಾಸ್ತಿ ಕಾಡುತ್ತಿವೆ. ಬ್ರಿಟನ್ನಿನಲ್ಲಿ ಬಿಬಿಸಿಗಾಗಿ ಮನೆಮನೆಯಿಂದ ವಸೂಲು ಮಾಡುವ ಲೈಸೆನ್ಸ್ ಫೀ ಇದೆಯಲ್ಲ, ಅದನ್ನು ಕನ್ನಡದಲ್ಲಿ ಏನನ್ನೋಣ? 'ಪರವಾನಗಿ ಶುಲ್ಕ' ಅಂತ ಬರೆದು ಮುಂದೆ ಹೋಗಬಹುದು. ಆದರೆ ಪರವಾನಗಿ ಅಂದ ಕೂಡಲೇ ನಮಗೆ ನೆನಪಾಗುವುದು ಬಂದೂಕು, ಮದ್ಯದ ಬಾರ್, ಅಂಗಡಿ. ಅಲ್ಲಿ ಅರ್ಜಿ ಹಾಕಬೇಕು, ಅಧಿಕಾರಿ ಒಪ್ಪಬೇಕು. ಟಿವಿ ವಿಷಯದಲ್ಲಿ ಅದೇನೂ ಇಲ್ಲ. ದುಡ್ಡು ಕಟ್ಟಿದರೆ ಮುಗಿಯಿತು.

ಹಾಗಾದರೆ 'ಚಂದಾ' ಅನ್ನೋಣವೇ? ಅದು ಇನ್ನೂ ಕೂಡುವುದಿಲ್ಲ. ಬಿಬಿಸಿಯನ್ನು ಒಂದು ದಿನವೂ ನೋಡದೆ, ಬರೀ ಐಟಿವಿ ಅನ್ನುವ ಖಾಸಗಿ ಚಾನೆಲನ್ನು ನೇರಪ್ರಸಾರದಲ್ಲಿ ನೋಡಿದರೂ ಅಲ್ಲಿ ಲೈಸೆನ್ಸ್ ಬೇಕು. ಇಲ್ಲದೆ ನೋಡಿದರೆ ಅಪರಾಧ, 1,000 ಪೌಂಡ್‌ವರೆಗೆ ದಂಡ. ಚಂದಾ ಕಟ್ಟದಿದ್ದರೆ ಪತ್ರಿಕೆ ನಿಲ್ಲುತ್ತದೆ, ಅಷ್ಟೇ. ಯಾರೂ ಕೋರ್ಟಿಗೆ ಎಳೆಯುವುದಿಲ್ಲ.

'ತೆರಿಗೆ' ಅನ್ನುವುದಕ್ಕೂ ಆಧಾರವಿದೆ. 2006ರಲ್ಲಿ ಬ್ರಿಟನ್ನಿನ ಅಂಕಿಅಂಶ ಕಚೇರಿಯೇ ಇದನ್ನು ತೆರಿಗೆಗಳ ಸಾಲಿಗೆ ಸೇರಿಸಿತು. ಆದರೂ ನಾನು ಹಿಂಜರಿಯುತ್ತೇನೆ. ಅಲ್ಲಿ ಈ ವ್ಯವಸ್ಥೆ ಬೇಡ ಅನ್ನುವವರು ಇದನ್ನು ತೆರಿಗೆ ಅಂತಲೇ ಜರೆಯುತ್ತಾರೆ. ಅನುವಾದಕ ಆ ಪದ ಹಾಕಿದರೆ ಒಂದು ಪಕ್ಷದ ಜೊತೆ ನಿಂತ ಹಾಗೆ ಆಗುತ್ತದೆ, ಅಲ್ವಾ?

ನನ್ನ ಮಟ್ಟಿಗೆ ಬ್ರಿಟನ್ನಿನ ಮಟ್ಟಿಗಾದರೂ 'ಟಿವಿ ಲೈಸೆನ್ಸ್' ಅಂತಲೇ ಇಟ್ಟುಕೊಳ್ಳುವುದು ಒಳ್ಳೆಯದು. ಅದು 1922ರಲ್ಲಿ 10 ಶಿಲಿಂಗಿನ ರೇಡಿಯೋ ಲೈಸೆನ್ಸಾಗಿ ಶುರುವಾಗಿ, 1946ರಲ್ಲಿ ಟಿವಿಗೂ ಬಂತು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 174.50 ಪೌಂಡ್ ಆಯಿತು. ನಮಗೂ ಆ ಪದ ಹೊಸದಲ್ಲ. 1980ರ ದಶಕದವರೆಗೆ ನಮ್ಮಲ್ಲೂ ರೇಡಿಯೋ, ಟಿವಿಗೆ ಲೈಸೆನ್ಸ್ ಇತ್ತು. ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ಪುಸ್ತಕ ಕೊಟ್ಟು ದುಡ್ಡು ಕಟ್ಟಬೇಕಿತ್ತು. 'ರೇಡಿಯೋಗೆ ಲೈಸೆನ್ಸ್ ಕಟ್ಟಿದ್ಯಾ?' ಅಂತ ಕೇಳಿದ ತಲೆಮಾರು ಇನ್ನೂ ನಮ್ಮ ನಡುವೆಯೇ ಇದೆ. ಅವರಿಗೆ 'ಪರವಾನಗಿ ಶುಲ್ಕ' ಅಂದರೇ ಅಡಿಟಿಪ್ಪಣಿ ಬೇಕಾದೀತು.

ನಿಜವಾದ ತೊಡಕು ಜರ್ಮನಿಯದು. ಅಲ್ಲಿಯವರು 2013ರಲ್ಲಿ ಪದ್ಧತಿಯ ಜೊತೆಗೆ ಪದವನ್ನೂ ಬದಲಾಯಿಸಿದರು. ಮೊದಲು ಇದ್ದದ್ದು 'ಗೆಬ್ಯೂರ್', ಅಂದರೆ ಶುಲ್ಕ. ಮನೆಯಲ್ಲಿ ರೇಡಿಯೋ ಇದೆಯೋ ಟಿವಿ ಇದೆಯೋ ನೋಡಿ ಲೆಕ್ಕ ಹಾಕುತ್ತಿದ್ದರು. ಈಗಿರುವುದು 'ಬೈಟ್ರಾಗ್', ಅಂದರೆ ಪಾಲಿನ ಹಣ. ಯಾವ ಸಾಧನವಿದೆ ಅಂತ ನೋಡುವುದಿಲ್ಲ. ಒಂದು ಮನೆಗೆ ಒಂದು ಮೊತ್ತ, 2021ರಿಂದ ತಿಂಗಳಿಗೆ 18.36 ಯೂರೋ. ನೋಡುವ ಅವಕಾಶ ಎಲ್ಲರಿಗೂ ಇದೆ, ಹಾಗಾಗಿ ಎಲ್ಲರೂ ಪಾಲು ಕೊಡಬೇಕು ಅನ್ನುವುದು ವಾದ. ಎರಡನೇ ಮನೆ ಇದ್ದವರಿಂದ ಎರಡು ಸಲ ವಸೂಲು ಮಾಡಬಾರದು ಅಂತ ಹೇಳಿ, ಉಳಿದದ್ದನ್ನು 2018ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯವೂ ಒಪ್ಪಿತು. ಇಲ್ಲಿ ಶುಲ್ಕ ಅಂತ ಬರೆದರೆ ಅವರು ಬೇಕಂತಲೇ ಬಿಟ್ಟ ಪದವನ್ನು ನಾವು ಮತ್ತೆ ತಂದ ಹಾಗೆ.

ನನಗೆ ಮೊದಲು ಹೊಳೆದದ್ದು 'ವಂತಿಗೆ'. ಊರ ಜಾತ್ರೆಗೆ ಮನೆಗಿಷ್ಟು ಅಂತ ಎತ್ತುವುದು. ರಥ ಎಳೆಯಲು ಬರದವನೂ ಕೊಡುತ್ತಾನೆ. ಪಿಎಫ್ ಕಾಗದಪತ್ರಗಳಲ್ಲೂ 'ನೌಕರರ ವಂತಿಗೆ' ಅಂತಲೇ ಇರುತ್ತದೆ, ಅದು ಕಡ್ಡಾಯವೇ. ಆದರೆ ಕಾಲೇಜು ಸೀಟಿಗೆ ಮೇಜಿನ ಕೆಳಗೆ ಕೊಡುವ ದುಡ್ಡಿಗೂ ಇದೇ ಪದ ಬಳಸಿ ಬಳಸಿ ಅದರ ಮಾನ ಹೋಗಿದೆ. ಜೊತೆಗೆ ಕ್ರಿಯಾಪದದ ಸಮಸ್ಯೆ. ತೆರಿಗೆ, ಫೀಸು, ದಂಡ, ಇವನ್ನೆಲ್ಲ ನಾವು 'ಕಟ್ಟುತ್ತೇವೆ'. ವಂತಿಗೆಯನ್ನು 'ಕೊಡುತ್ತೇವೆ'. ಕಟ್ಟು ಅಂದಾಗ ಬರುವ ಬಿಗಿ ಕೊಡು ಅಂದಾಗ ಬರುವುದಿಲ್ಲ. ಜರ್ಮನಿಯಲ್ಲಿ ಕಟ್ಟದೇ ಇದ್ದರೆ ಜಪ್ತಿಯವರೆಗೂ ಹೋಗಬಹುದು.

ಇನ್ನೊಂದು 'ಕರ'. ನಮ್ಮಲ್ಲಿ ಗ್ರಂಥಾಲಯ ಕರ ಅಂತ ಇದೆ. ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 6ರಂತೆ ಸೇರುತ್ತದೆ. ಬೇರು 1965ರ ಗ್ರಂಥಾಲಯ ಕಾಯ್ದೆಯಲ್ಲಿದೆ. ಲೈಬ್ರರಿಯ ಮೆಟ್ಟಿಲು ಹತ್ತದವರೂ ಕಟ್ಟುತ್ತಾರೆ. ಒಂದು ಕೆಲಸಕ್ಕೆಂದೇ ಮೀಸಲಾದ ದುಡ್ಡು ಅನ್ನುವ ಅರ್ಥವೂ ಅದರಲ್ಲಿದೆ. (ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ್ದನ್ನು ಲೈಬ್ರರಿಗೆ ತಲುಪಿಸುತ್ತವೆಯೇ ಅನ್ನುವುದು ಬೇರೆ ಜಗಳ, ಈಗ ಬೇಡ.) ಆ ದಾರಿಯಲ್ಲಿ 'ಪ್ರಸಾರ ಕರ' ಆಗಬಹುದು. ಆದರೆ ಕರ ಅಂದರೆ ಸರ್ಕಾರಕ್ಕೆ ಅನ್ನುವ ಭಾವನೆ ಬರುತ್ತದೆ. ಜರ್ಮನಿಯವರ ಹಟ ಇರುವುದೇ ಅಲ್ಲಿ. ದುಡ್ಡು ಸರ್ಕಾರದ ಬೊಕ್ಕಸಕ್ಕೆ ಹೋಗಬಾರದು, ಮಂತ್ರಿಗಳ ಕೈಗೆ ಸಿಗಬಾರದು. ಎಷ್ಟು ಬೇಕು ಅಂತ ಲೆಕ್ಕ ನೋಡುವುದಕ್ಕೂ ಬೇರೆ ಆಯೋಗ ಇದೆ.

ಭಾರತದ ಭಾಗ ಬರೆಯುವುದು ಸುಲಭ. ದೂರದರ್ಶನಕ್ಕೆ ಮನೆಯವರು ಏನೂ ಕಟ್ಟುವುದಿಲ್ಲ. ಅದನ್ನು ನಡೆಸುವ ಪ್ರಸಾರ ಭಾರತಿಗೆ ಸರ್ಕಾರದ ಅನುದಾನ, ಜಾಹೀರಾತು, ಅದರದೇ ಉಚಿತ ಡಿಶ್ ಸೇವೆಯಾದ ಫ್ರೀ ಡಿಶ್‌ನಲ್ಲಿ ಖಾಸಗಿ ಚಾನೆಲ್‌ಗಳಿಗೆ ಜಾಗ ಹರಾಜು ಹಾಕಿ ಬರುವ ಹಣ. ಸಂಬಳ ಅನುದಾನದಿಂದ. 'ಅನುದಾನಿತ ಶಾಲೆ' ಗೊತ್ತಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1997ರಿಂದ ಪ್ರಸಾರ ಭಾರತಿ ಕಾಯ್ದೆಯ ಪ್ರಕಾರ ಸ್ವಾಯತ್ತ ಸಂಸ್ಥೆ. ಆದರೂ ಚಂದನವನ್ನು ಜನ 'ಸರ್ಕಾರಿ ಚಾನೆಲ್' ಅಂತಲೇ ಕರೆಯುತ್ತಾರೆ. ಸಂಬಳ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡಿದರೆ ಜನರ ಮಾತನ್ನು ತಪ್ಪು ಅನ್ನಲಾರೆ.

ಈಗ ಬೆಳಗಾವಿ, ಧಾರವಾಡ ಕಡೆಯವರಿಗೆ ಒಂದು ಪ್ರಶ್ನೆ. ನಿಮ್ಮಲ್ಲಿ ಗಣಪತಿಗೆ 'ಪಟ್ಟಿ' ಕೂಡಿಸುತ್ತಾರೆ, ಅಂದರೆ ವಂತಿಗೆ ಎತ್ತುತ್ತಾರೆ. ಮನೆ ತೆರಿಗೆಗೂ 'ಮನೆಪಟ್ಟಿ' ಅಂತಾರೆ. ಹಾಗಿದ್ದರೆ ಆ ಒಂದು ಪದದಲ್ಲೇ ಪಾಲು ಅನ್ನುವುದೂ ಕಡ್ಡಾಯ ಅನ್ನುವುದೂ ಇದ್ದ ಹಾಗಾಯಿತು. 'ಟಿವಿ ಪಟ್ಟಿ' ಅಂದರೆ ನಿಮ್ಮ ಕಡೆ ಸಹಜವಾಗಿ ಕೇಳುತ್ತದೆಯೇ? ಪಟ್ಟಿಯನ್ನು 'ತುಂಬುತ್ತೀರೋ', 'ಕೊಡುತ್ತೀರೋ'? ಹಳೆ ಮೈಸೂರಿನ ನಮಗೆ ಪಟ್ಟಿ ಅಂದರೆ ಹೆಸರುಗಳ ಪಟ್ಟಿ ಅಷ್ಟೇ. ಅದಕ್ಕೇ ಕೇಳುತ್ತಿದ್ದೇನೆ.