ನಿಮಿಟ್ಜ್ ಅಣುಶಕ್ತಿ ಹಡಗಲ್ಲವೇ, ಅದಕ್ಕೆ ಟ್ಯಾಂಕರ್ ಯಾಕೆ?

ಕಡಲತಡಿ:
2020ರ ನವೆಂಬರ್‌ನ ಮಲಬಾರ್ ಜಂಟಿ ನೌಕಾ ಸಮರಾಭ್ಯಾಸದಲ್ಲಿ ಕಾರವಾರ ನೆಲೆಯ ವಿಕ್ರಮಾದಿತ್ಯ, ಅಮೆರಿಕದ ನಿಮಿಟ್ಜ್ ಎರಡೂ ವಿಮಾನವಾಹಕ ಹಡಗುಗಳು ಅರಬ್ಬಿ ಸಮುದ್ರದಲ್ಲಿ ಒಟ್ಟಿಗಿದ್ದವು. ಅಣುಶಕ್ತಿಯಿಂದ ಓಡುವ ನಿಮಿಟ್ಜ್‌ಗೂ ಟ್ಯಾಂಕರ್ (ಕಡಲಲ್ಲೇ ಎಣ್ಣೆ ಪೂರೈಸುವ ಹಡಗು) ಬೇಕಾಗುವುದು ಯಾಕೆ? ಒಂದು ದೇಶದ ಟ್ಯಾಂಕರಿನ ಪೈಪು ಇನ್ನೊಂದು ದೇಶದ ಹಡಗಿಗೆ ಕೂರುತ್ತದೆಯೇ?

ಲಂಗರು:
ರಿಯಾಕ್ಟರ್ ಓಡಿಸುವುದು ಹಡಗನ್ನು, ವಿಮಾನಗಳನ್ನಲ್ಲ. ಅವಕ್ಕೆ ಜೆಪಿ-5 ಎಂಬ ವಿಮಾನ ಇಂಧನ ಬೇಕು. ಹಡಗಿನ ಒಳಗೆ ಬೆಂಕಿಯ ಭಯವಿರುವುದರಿಂದ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆವಿ ಹೊತ್ತಿಕೊಳ್ಳದ ಇಂಧನವನ್ನೇ ತುಂಬುತ್ತಾರೆ. ಇದರ ಜೊತೆಗೆ ಬಾಂಬು, ಬಿಡಿಭಾಗ, ಸುಮಾರು 5,000 ಜನರ ದಿನಸಿ. ವಿಕ್ರಮಾದಿತ್ಯಕ್ಕಾದರೆ ಎಂಟು ಬಾಯ್ಲರ್‌ಗಳಿಗೂ ಎಣ್ಣೆ ಬೇಕು.

ಪೈಪು ಕೂರುತ್ತದೆ. ಹೋಸಿನ (ಎಣ್ಣೆ ಹರಿಯುವ ಪೈಪಿನ) ತುದಿಯ ಪ್ರೋಬ್ ಎಂಬ ಮೂತಿ, ಅದನ್ನು ಹಿಡಿಯುವ ಗಂಟೆಯಾಕಾರದ ಬಾಯಿ, ಎರಡಕ್ಕೂ ನೇಟೋ ಅಳತೆ ಇದೆ. 2020ರ ಸೆಪ್ಟೆಂಬರ್‌ನಲ್ಲಿ ನಮ್ಮ ಯುದ್ಧನೌಕೆ ತಲ್ವಾರ್ ಅಮೆರಿಕದ ಯೂಕಾನ್ ಟ್ಯಾಂಕರಿನಿಂದ ಎಣ್ಣೆ ತುಂಬಿಸಿಕೊಂಡಿತ್ತು. ಲೆಕ್ಕ ಚುಕ್ತಾ ಮಾಡಿಕೊಳ್ಳಲು ಎರಡು ದೇಶಗಳ ನಡುವೆ 2016ರ ಲೆಮೋವಾ ಎಂಬ ಸೇನಾ ಪೂರೈಕೆ ಒಪ್ಪಂದವಿದೆ.

ಚುಕ್ಕಾಣಿ:
ಸಾಗುತ್ತಲೇ ಎಣ್ಣೆ ತುಂಬಿಸಿಕೊಳ್ಳುವ ಕ್ರಮ ಹೀಗೆ. ಟ್ಯಾಂಕರ್ 12ರಿಂದ 16 ನಾಟ್ ವೇಗದಲ್ಲಿ ದಿಕ್ಕು ಬದಲಿಸದೆ ಸಾಗುತ್ತದೆ. ವಿಮಾನವಾಹಕ ಹಿಂದಿನಿಂದ ತುಸು ಹೆಚ್ಚು ವೇಗದಲ್ಲಿ ಬಂದು ಟ್ಯಾಂಕರಿನ ಎಡಕ್ಕೆ, ಸುಮಾರು 50–60 ಮೀಟರ್ ದೂರದಲ್ಲಿ ಅದೇ ವೇಗಕ್ಕಿಳಿದು ಪಕ್ಕಪಕ್ಕದಲ್ಲೇ ಸಾಗುತ್ತದೆ. ವಿಮಾನವಾಹಕದ ಎಡಗಡೆ ಓರೆ ರನ್‌ವೇ ಹೊರಚಾಚಿರುವುದರಿಂದ ಅದರ ಬಲಮಗ್ಗುಲೇ ಅನುಕೂಲ. ಮೊದಲು ಬಂದೂಕಿನಿಂದ ತೆಳು ದಾರ ಹಾರಿಸುತ್ತಾರೆ, ಅದರ ಬೆನ್ನಿಗೆ ದಪ್ಪ ಹಗ್ಗ, ಆಮೇಲೆ ಎರಡು ಹಡಗುಗಳ ನಡುವೆ ಬಿಗಿಯುವ ಉಕ್ಕಿನ ಸ್ಪ್ಯಾನ್ ವೈರ್. ಹೋಸ್ ಅದರ ಮೇಲೆ ಜಾರಿ ಬರುತ್ತದೆ. ಪ್ರತಿ 20 ಅಡಿಗೆ ಹಸಿರು, ಕೆಂಪು, ಹಳದಿ, ನೀಲಿ, ಬಿಳಿ ಬಾವುಟ ಕಟ್ಟಿದ ಇನ್ನೊಂದು ಹಗ್ಗ ಅಂತರ ತೋರಿಸುತ್ತದೆ. ಎಣ್ಣೆ ಹರಿಯುವಷ್ಟು ಹೊತ್ತೂ ಅಪಾಯಕಾರಿ ಸರಕಿನ ಸೂಚನೆಯಾದ ಕೆಂಪು ಬ್ರಾವೋ ಬಾವುಟ ಹಾರುತ್ತಿರಬೇಕು.

ಕಡಲತಡಿ:
ತೊಂದರೆ ಬರುವುದು ಎಲ್ಲಿ?

ಚುಕ್ಕಾಣಿ:
ಎರಡು ಹಡಗುಗಳ ನಡುವೆ ನೀರು ರಭಸವಾಗಿ ನುಗ್ಗಿದಾಗ ಒತ್ತಡ ಕುಸಿದು ನಡುಭಾಗಗಳು ಪರಸ್ಪರ ಸೆಳೆಯುತ್ತವೆ. ಅಂತರ ಕಡಿಮೆಯಾದಷ್ಟೂ, ವೇಗ ಹೆಚ್ಚಿದಷ್ಟೂ, ಆಳ ತಗ್ಗಿದಷ್ಟೂ ಸೆಳೆತ ಜೋರು. ಗಾಬರಿಯಿಂದ ಚುಕ್ಕಾಣಿಯನ್ನು ಒಮ್ಮೆಲೇ ಹೊರಕ್ಕೆ ತಿರುಗಿಸಿದರೆ ಮುಂಭಾಗ ಹೊರಗೆ ಹೋದರೂ ಹಿಂಭಾಗ ಟ್ಯಾಂಕರಿನ ಕಡೆಗೇ ಬೀಸುತ್ತದೆ. ಒಂದೆರಡು ಡಿಗ್ರಿಯಲ್ಲೇ ಸರಿಪಡಿಸಿಕೊಳ್ಳಬೇಕು.

ತುರ್ತಾಗಿ ಬಿಡಿಸಿಕೊಳ್ಳುವಾಗಲೂ ಕ್ರಮ ತಪ್ಪಬಾರದು: ಪಂಪ್ ನಿಲ್ಲಿಸಿ, ಪ್ರೋಬ್ ಕಳಚಿ, ವೈರಿನ ಬಿಗಿ ಸಡಿಲಿಸಿ, ನಂತರವೇ ವೈರನ್ನು ಹಿಡಿದಿರುವ ಪೆಲಿಕನ್ ಹುಕ್ ಎಂಬ ಕೊಕ್ಕೆಯನ್ನು ಹೊಡೆದು ಬಿಡಿಸಬೇಕು. ಬಿಗಿ ಇರುವಾಗಲೇ ಹುಕ್ ಬಿಟ್ಟರೆ ವೈರ್ ಚಾಟಿಯಂತೆ ಬೀಸಿ ಡೆಕ್ಕಿನ ಮೇಲಿದ್ದವರ ಪ್ರಾಣಕ್ಕೇ ಕುತ್ತು.

ಲಂಗರು:
ಜಂಟಿ ಅಭ್ಯಾಸದಲ್ಲಿ ಇಂಧನದ ಗುಣಮಟ್ಟವನ್ನೂ ಕಣ್ಣಾರೆ ನೋಡಲೇಬೇಕು. ಮೊದಲು ಬಂದ ಎಣ್ಣೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೊಡ್ಡುತ್ತಾರೆ. ಮಬ್ಬಾಗಿದ್ದರೆ ನೀರು ಸೇರಿದೆ, ತಳದಲ್ಲಿ ಕಣ ಕಂಡರೆ ತುಕ್ಕೋ ಕಸವೋ ಬಂದಿದೆ. ಆಗ ವಿಮಾನದ ಟ್ಯಾಂಕುಗಳ ಕಡೆಗೆ ವಾಲ್ವ್ ತೆರೆಯುವ ಹಾಗೇ ಇಲ್ಲ.